ಕಿವಿತಂತಿಯ ಮುಚ್ಚಳ

ನೆಲಕ್ಕೆ ಕಿವಿ ಬಂದರೆ ಏನಾಗುತ್ತದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಂಡವರು ಮಾವಿನಗಟ್ಟಿ ಜಂಕ್ಷನ್ನಿನ ಗೇಟ್ ಓಣಿಯ ಜನ.

ಉತ್ತರದ ಬಯಲಿನಲ್ಲಿ ಕಚ್ಚಾ ಎಣ್ಣೆ ಸಿಕ್ಕಿದ ಮೇಲೆ, ಅದನ್ನು ಕರಾವಳಿಯ ಶುದ್ಧೀಕರಣ ಕಾರ್ಖಾನೆಗೆ ಒಯ್ಯುವ ಗಾಡಿಗಳೆಲ್ಲ ಈ ಊರಿನ ಮೇಲೆಯೇ ಹೋಗತೊಡಗಿದ್ದವು. ಕೊಳವೆ ಹಾಕುವ ಮಾತಿತ್ತು. ಅದು ಮಾತಾಗಿಯೇ ಉಳಿದಿತ್ತು. ಗೇಟ್ ಓಣಿ ಹಳಿಗೆ ಅಂಟಿಕೊಂಡು ಬೆಳೆದದ್ದು. ಹಿತ್ತಲ ಗೋಡೆಗೂ ಹಳಿಗೂ ನಡುವೆ ಒಂದು ಗಟಾರ, ಒಂದು ಸಾಲು ಜಾಲಿ ಗಿಡ, ಅಷ್ಟೇ. ಎಣ್ಣೆಗಾಡಿ ಹೋಗುವಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಕಿಣಿಕಿಣಿ ಎನ್ನುತ್ತಿದ್ದವು, ಮಲಗಿದ ಕೂಸುಗಳು ಮಾತ್ರ ಏಳುತ್ತಿರಲಿಲ್ಲ. ಅಭ್ಯಾಸವಾಗಿತ್ತು.

ಆ ಅಭ್ಯಾಸಕ್ಕೆ ಪೆಟ್ಟು ಬಿದ್ದದ್ದು ಸಿದ್ಧನಕೊಪ್ಪದ ಬೆಂಕಿಯಿಂದ. ಅದೇ ಮಾರ್ಗದ ಆ ಸಣ್ಣ ಊರಿನಲ್ಲಿ ಎಣ್ಣೆಗಾಡಿಯೊಂದು ಹಳಿ ತಪ್ಪಿ, ಸಂತೆಯ ದಿನವೇ ಸಂತೆಪೇಟೆಯನ್ನು ಸುಟ್ಟುಹಾಕಿತು. ಗಾಲಿಯ ಬೇರಿಂಗ್ ಕಾದಿದೆ ಎಂಬ ಸೂಚನೆ ಬಂದಿದ್ದರೂ ಚಾಲಕ ಗಾಡಿ ನಿಲ್ಲಿಸಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದರು. ಚಾಲಕನ ಮಾತು ಏನೆಂದು ಯಾರಿಗೂ ತಿಳಿಯಲಿಲ್ಲ; ಎಂಜಿನ್‌ನಿಂದ ಜಿಗಿದವನು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನ ಫೋಟೋ ಎಲ್ಲ ನಿಲ್ದಾಣಗಳ ಗೋಡೆಯ ಮೇಲೂ ಕೆಲಕಾಲ ಇತ್ತು. ಬಿಸಿಲಿಗೆ ಬಿಳಿಚಿ, ಹರಿದು, ಅದರ ಮೇಲೆ ಬೇರೆ ಕಾಗದಗಳು ಬಂದವು.

ಅದಾದ ಮೇಲೆ ಬಂದದ್ದು ಕಿವಿತಂತಿ. ಕೂದಲಿಗಿಂತ ತುಸು ದಪ್ಪದ ಗಾಜಿನ ಎಳೆಯನ್ನು ಹಳಿಯ ಪಕ್ಕದ ಜಲ್ಲಿಯ ಕೆಳಗೆ ಊರಿಂದೂರಿಗೆ ಹೂತರು. ಅದರೊಳಗೆ ಬೆಳಕಿನ ಮಿಡಿತಗಳನ್ನು ಬಿಟ್ಟರೆ, ನೆಲ ನಡುಗಿದ ಕಡೆ ಎಳೆಯೂ ನಡುಗಿ ಒಂದಿಷ್ಟು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಹಾಗೆ ಮರಳಿದ ಬೆಳಕನ್ನು ಯಂತ್ರ ಓದಿ ಎಲ್ಲಿ, ಎಂಥ ನಡುಕ ಎಂದು ಹೇಳುತ್ತದೆ. ಬೇರಿಂಗ್ ಸವೆದ ಗಾಲಿಯ ಉರುಳುವಿಕೆಯಲ್ಲಿ ಒಂದು ಸಣ್ಣ ತೊದಲು ಇರುತ್ತದಂತೆ. ಅದು ಮನುಷ್ಯರ ಕಿವಿಗೆ ಕೇಳಿಸುವ ಎಷ್ಟೋ ಮೊದಲು ನೆಲಕ್ಕೆ ಕೇಳಿಸುತ್ತಿತ್ತು.

ಆದರೆ ನೆಲ ಗಾಲಿಯನ್ನಷ್ಟೇ ಕೇಳಲಿಲ್ಲ. ಯಾರು ಗೇಟು ತಪ್ಪಿಸಿ ಹಳಿ ದಾಟಿದರು, ಯಾರ ಮನೆಯಲ್ಲಿ ಪಾತ್ರೆ ಎಸೆದಾಡಿದರು, ಯಾರ ಹಿತ್ತಲಿಗೆ ಯಾರ ಹೆಜ್ಜೆ ಬಂತು, ಎಲ್ಲವೂ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮೂಡಿತು. ತಂತಿ ಹಾಕಿದ ಗುತ್ತಿಗೆ ಕಂಪನಿಯ ಹುಡುಗರು ಚಹಾ ಅಂಗಡಿಯಲ್ಲಿ ನಿಂತು ಓಣಿಯ ಗಂಡ ಹೆಂಡಿರ ಜಗಳವನ್ನು ಹಾಸ್ಯ ಮಾಡಿದ್ದು ಓಣಿಗೆ ಗೊತ್ತಾದ ದಿನ, ಹೆಂಗಸರು ಸೆರಗು ಸುತ್ತಿ ಹಳಿಯ ಮೇಲೆ ಕುಳಿತರು.

ಅವರನ್ನು ಎಬ್ಬಿಸಿದವಳು ಪ್ರಭಾವತಿ ಮುಳಗುಂದ. ತಾಲೂಕಿನ ತುರ್ತು ಯೋಜನೆಯ ಅಧಿಕಾರಿ. ಗೇಟ್ ಓಣಿಯ ಸೊಸೆಯೂ ಹೌದು. ಮದುವೆಯಾಗಿ ಬಂದಂದಿನಿಂದ ಅದೇ ಓಣಿಯ ನಡುವಿನ ಮನೆಯಲ್ಲಿ ಇದ್ದವಳು. ಅವಳು ಜಗ್ಗಾಡಿ ತಂತಿಗೊಂದು ಮುಚ್ಚಳ ಹಾಕಿಸಿದಳು. ಮುಚ್ಚಳವೆಂದರೆ ತಗಡಿನದಲ್ಲ, ಲೆಕ್ಕಾಚಾರದ್ದು. ಗಾಲಿಯಿಂದ ಬಾರದ ಸದ್ದನ್ನು ಯಂತ್ರ ಅಲ್ಲೇ ಚೆಲ್ಲಿಬಿಡುತ್ತಿತ್ತು. ಯಾರೂ ನೋಡುವಂತಿಲ್ಲ, ಕೂಡಿಡುವಂತಿಲ್ಲ. ಮುಚ್ಚಳ ತೆಗೆಯಬೇಕಾದರೆ ಎರಡು ಹೆಬ್ಬೆರಳು ಬೇಕು: ಒಂದು ಪ್ರಭಾವತಿಯದು, ಇನ್ನೊಂದು ನಿಯಂತ್ರಣ ಕೊಠಡಿಯ ಎಂಜಿನಿಯರ್ ಸ್ಯಾಮ್ಯುಯೆಲ್ ಕಟ್ಟಿಮನಿಯದು.

"ನಾ ಇರೋತನಕ ಅದು ತೆರಿಯೂದಿಲ್ಲ," ಎಂದು ಅವಳು ಓಣಿಯ ಕಟ್ಟೆಯ ಮೇಲೆ ನಿಂತು ಮಾತು ಕೊಟ್ಟಿದ್ದಳು. "ನಮ್ಮನೀ ಸಪ್ಪಳಾನೂ ಅದರಾಗ ಬರ್ತದ, ತಿಳಕೊಳ್ರಿ."

ಅವಳ ಅತ್ತೆ ನೀಲವ್ವ ಎಲ್ಲರಿಗೂ ಕೇಳುವಂತೆ ನಕ್ಕಿದ್ದಳು. "ನಿನ್ನ ಗಂಡನ ಗೊರಕಿ ಕೇಳಿದ್ರ ಯಂತ್ರಾನ ಕೆಟ್ಟು ಹೋಗ್ತೈತಿ ಬಿಡು."

ಮುಚ್ಚಳ ಬಿದ್ದ ಮೇಲೆ ಓಣಿ ತಣ್ಣಗಾಯಿತು. ಎಣ್ಣೆಗಾಡಿಗೆ ಹೊಂದಿಕೊಳ್ಳುವುದನ್ನೂ ಕಲಿಯಿತು. ಗಾಡಿ ಹತ್ತಿರ ಬಂದಾಗ ಪ್ರತಿ ಮನೆಯ ಬಾಗಿಲ ಮೇಲಿನ ಸಣ್ಣ ದೀಪ ಹಳದಿಯಾಗುತ್ತಿತ್ತು. ಹೆಂಗಸರು ಮಾತು ನಿಲ್ಲಿಸದೆಯೇ ಕೈಚಾಚಿ ಒಲೆ ಆರಿಸುತ್ತಿದ್ದರು. ದೀಪ ಕೆಂಪಾದರೆ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಶಾಲೆಯ ಬಯಲಿಗೆ ನಡೆಯಬೇಕು. ಹಿಂದಿರುಗಿ ನೋಡಬಾರದು, ಮೊಬೈಲ್ ಒತ್ತಬಾರದು, ಬೈಕು ಚಾಲೂ ಮಾಡಬಾರದು. ಓಣಿಗೆ ನೀಲವ್ವನೇ ಮುಂದಾಳು. ತಾಲೀಮಿನ ದಿನ ಹಿಂದುಳಿದವರನ್ನು ಬಯ್ಯಲು ಸರಕಾರವೇ ಕೊಟ್ಟ ಅವಕಾಶ ಎಂದು ಅವಳಿಗೆ ಖುಷಿ.

ಆ ಮಧ್ಯಾಹ್ನ ದೀಪ ಕೆಂಪಾದಾಗ ಪ್ರಭಾವತಿ ನಿಲ್ದಾಣದ ಆಚೆಯ ನಿಯಂತ್ರಣ ಕೊಠಡಿಯಲ್ಲಿದ್ದಳು. ಸ್ಯಾಮ್ಯುಯೆಲ್ ಪರದೆಯ ಮೇಲಿನ ಒಂದು ಗೆರೆಯನ್ನು ಬೆರಳಿಂದ ತೋರಿಸಿದ. ಗೆರೆ ನಯವಾಗಿ ಬರುತ್ತಾ ಬರುತ್ತಾ ಒಂದು ಕಡೆ ಗರಗಸದ ಹಲ್ಲಿನಂತೆ ಒಡೆದಿತ್ತು.

"ನಡುವಿನ ಟ್ಯಾಂಕರು, ಮೇಡಂ. ಬೇರಿಂಗ್ ಹೋಗಾಕತ್ತೈತಿ."

"ಊರಂಚಿನ ಲೂಪ್ ಹಳಿಗೆ ಹೊರಳಿಸಿ ನಿಲ್ಲಿಸ್ತೀರಿ?"

"ಹೇಳೀನಿ. ನಿಧಾನ ಮಾಡ್ಯಾನ ಡ್ರೈವರ್. ಒಮ್ಮಿಗೇ ಬ್ರೇಕ್ ಹಾಕಿದ್ರ ಹಿಂದಿನ ಡಬ್ಬಿ ಮುಂದಿನದರ ಮ್ಯಾಲ ಏರ್ತಾವ."

ಗಾಡಿ ಮಾಡಬೇಕಾದ್ದೆಲ್ಲ ಮಾಡಿತು. ಆದರೂ ಗಾಲಿಯ ಅಚ್ಚು ಅಲ್ಲಿಯತನಕ ತಾಳಲಿಲ್ಲ. ಓಣಿಯ ಮಗ್ಗುಲಲ್ಲೇ, ಹಳಿ ಲೂಪಿಗೆ ಕವಲೊಡೆಯುವ ಕಡೆ ಅದು ಮುರಿಯಿತು. ಮೂರು ಟ್ಯಾಂಕರುಗಳು ಸಾವಕಾಶವಾಗಿ, ದಣಿದ ಎಮ್ಮೆ ಒರಗಿದ ಹಾಗೆ, ಗೇಟ್ ಓಣಿಯ ಕಡೆಗೇ ಒರಗಿಕೊಂಡವು. ಒಂದರ ಹೊಟ್ಟೆ ಸೀಳಿ ಎಣ್ಣೆ ಗಟಾರಕ್ಕೆ ಇಳಿಯಿತು. ಬ್ರೇಕಿನ ಕಿಡಿ ಬಿದ್ದ ಒಣ ಹುಲ್ಲಿಗೆ ಬೆಂಕಿ ಹತ್ತಿತ್ತು.

ಓಣಿ ತಾಲೀಮಿನಲ್ಲಿ ಕಲಿತಂತೆಯೇ ಎದ್ದು ನಡೆಯಿತು. ಶಾಲೆಯಲ್ಲಿ ತುರ್ತು ಕೆಲಸಕ್ಕೆಂದೇ ಇಟ್ಟಿದ್ದ ಗೋಡೆಯ ಫೋನಿನಿಂದ ನೀಲವ್ವನ ಏದುಸಿರು ಬಂತು. "ಎಲ್ಲಾರೂ ಬಂದ್ರವಾ. ಒಂದೊಂದು ಬಾಗಲಾ ಬಡದು ನೋಡೀವಿ. ಕೀಲಿ ಹಾಕಿದ ಮನೀ ಬಿಟ್ಟು ಎಲ್ಲಾ ಖಾಲಿ."

ಅಗ್ನಿಶಾಮಕ ದಳದ ಮುಖ್ಯಸ್ಥ ಹುಸೇನಸಾಬ ನದಾಫ್ ಹಳಿಯ ಬಳಿ ನೊರೆ ಹಾಕಿಸುತ್ತಿದ್ದರು. ಸಿದ್ಧನಕೊಪ್ಪದಲ್ಲೂ ಇದ್ದವರು ಅವರು. ಅಲ್ಲಿ ಹೆಣ ಎತ್ತಿದ ಮೇಲೆ ಮಾತು ಕಡಿಮೆ ಮಾಡಿದ್ದರು. ವಾಕಿಟಾಕಿಯಲ್ಲಿ ಅವರ ದನಿ ಸಮವಾಗಿತ್ತು.

"ಮೇಡಂ, ನೊರಿ ಸಾಲೂದಿಲ್ಲ. ಬಾಜೂ ಟ್ಯಾಂಕರ್ ಕಾಯಾಕತ್ತೈತಿ. ನನ್ನ ಹುಡುಗರನ್ನ ಹಿಂದಕ್ಕ ತಗೊಂಡು, ಉರಿಯೋದನ್ನ ಉರಿಯಾಕ ಬಿಡ್ತೀನಿ. ಇರೋದು ಅದೊಂದ ದಾರಿ. ಮೊದಲನೇ ಸಾಲಿನ ಮನೀ ಹೋಗ್ತಾವ. ಓಣಿ ಖಾಲಿ ಐತಿ ಅಂತ ನೀವು ಒಂದು ಮಾತು ಹೇಳ್ರಿ."

ಪ್ರಭಾವತಿ ವಾಕಿಟಾಕಿಯ ಗುಂಡಿಯಿಂದ ಬೆರಳು ತೆಗೆದಳು. ಹೊರಗೆ ಕೀಲಿ ಬಿದ್ದಿದ್ದರೆ ಒಳಗೆ ಯಾರೂ ಇಲ್ಲ ಎಂಬುದು ಯೋಜನೆಯ ಮಾತು. ಓಣಿಯ ಸೊಸೆಗೆ ಬೇರೆಯೂ ಗೊತ್ತಿತ್ತು. ನೆಲ ಹಿಡಿದ ಮುದುಕರನ್ನು, ಜ್ವರ ಬಂದು ಮಲಗಿದ ಮಕ್ಕಳನ್ನು ಒಳಗಿಟ್ಟು, ಹೊರಗಿನಿಂದ ಕೀಲಿ ಹಾಕಿ ದುಡಿಯಲು ಹೋಗುವವರು ಇದ್ದರು. ದಿನಾಲೂ ಅಲ್ಲ. ಆದರೆ ಇವತ್ತು ಅಲ್ಲ ಎಂದು ಹೇಳುವವರು ಯಾರು? ಕೀಲಿ ಹಾಕಿದ ಮನೆ ಒಂದೆರಡಲ್ಲ. ಎಲ್ಲವನ್ನೂ ಒಡೆದು ನೋಡಲು ನದಾಫರ ಹುಡುಗರನ್ನು ಕಳಿಸಿದರೆ ಅವರೇ ಉಳಿಯುವುದಿಲ್ಲ.

"ಸ್ಯಾಮ್, ಮುಚ್ಚಳ ತೆಗೀರಿ."

ಸ್ಯಾಮ್ಯುಯೆಲ್ ತಿರುಗಿ ನೋಡಿದ. "ಮೇಡಂ, ಮಾತು ಕೊಟ್ಟವರು ನೀವ. ಒಮ್ಮಿ ತೆರೆದ್ರ ನಾಳಿ ಬ್ಯಾರೆದವರು ತೆರೀರಿ ಅಂತಾರ."

"ಗೊತ್ತದ." ಅವಳಾಗಲೇ ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟಿದ್ದಳು. ಅದು ಬೆವತಿತ್ತು, ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಅವನೂ ಇಟ್ಟ.

ಗಾಡಿ ನಿಂತಿದ್ದರಿಂದ ನೆಲ ಶಾಂತವಾಗಿತ್ತು. ಗೇಟ್ ಓಣಿ ಪರದೆಯ ಮೇಲೆ ಕಪ್ಪು ನೀರಿನಂತೆ ಹರಡಿತು. ಅದರ ಮೇಲೆ ಒಂದೊಂದೇ ಚುಕ್ಕಿ ಮೂಡತೊಡಗಿತು. ಒಂದು ಕಡೆ ನಿಲ್ಲಿಸದ ನಳದ ನೀರು ಬಕೆಟ್ಟು ತುಂಬಿ ಬೀಳುತ್ತಿತ್ತು. ಇನ್ನೊಂದು ಕಡೆ ಕಟ್ಟಿಹಾಕಿದ ಆಡು ಗೂಟ ಜಗ್ಗುತ್ತಿತ್ತು. ಪ್ರಭಾವತಿ ತನ್ನ ಮನೆಯ ಜಾಗವನ್ನು ಗುರುತಿಸಿದಳು. ಫ್ರಿಜ್ಜಿನ ಸಣ್ಣ ನಡುಕ. ತನ್ನ ಮನೆಯನ್ನು ತಾನೇ ಕದ್ದು ಕೇಳುತ್ತಿರುವಂತೆ ಅನಿಸಿತು.

"ಇಲ್ಲಿ," ಎಂದ ಸ್ಯಾಮ್ಯುಯೆಲ್. ಹಳಿಯ ಮಗ್ಗುಲಿನ ಮೊದಲ ಸಾಲಿನಲ್ಲಿ, ಚುಕ್ಕಿಯೊಂದು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತಿತ್ತು. "ನಾಯಿ ಅಲ್ಲ. ಎರಡು ಕಾಲು. ದೊಡ್ಡ ಆಳು."

"ಅದು ತುಳಜಾಬಾಯಿ ಮನಿ. ಆಕಿ ಒಬ್ಬಾಕಿನ ಇರ್ತಾಳ."

ತುಳಜಾಬಾಯಿ ಮಿಸ್ಕಿನ ಎಂಬ ಈಕೆ ಊರ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಪ್ರಭಾವತಿ ಶಾಲೆಯ ಫೋನು ಹಿಡಿದಳು.

"ಅತ್ತಿ, ತುಳಜಾಬಾಯಿ ಅಲ್ಲಿ ಅದಾಳೇನು? ಅವರ ಮನ್ಯಾಗ ಯಾರೋ ಅಡ್ಡಾಡಾಕತ್ತಾರ. ಲಗೂನ ಕೇಳ್ರಿ."

ನೀಲವ್ವ ಹೋದ ಹೆಜ್ಜೆ, ಗದ್ದಲ, ಮತ್ತೆ ಅವಳ ದನಿ. ಈ ಸಲ ಬಯ್ಗುಳದ ಸುಳಿವಿರಲಿಲ್ಲ. "ಹಾಸ್ಟೆಲ್ಲಿಂದ ಓಡಿ ಬಂದು ಸಾಲಿ ಗೇಟಿನ್ಯಾಗ ನಿಂತಿದ್ಲು. ಮೊದಲ ಕೇಳಿದಾಗ ಯಾರೂ ಇಲ್ಲ ಅಂದಿದ್ಲು. ಈಗ ಬಾಯೇ ಬಿಡವಲ್ಲಳು. ನೆಲಕ್ಕ ಕುಂತಾಳ. ಕುಂತಲ್ಲೆ ಮನೀ ಕೀಲಿ ಬಿಚ್ಚಿ ನನ್ನ ಕೈಯಾಗ ಇಟ್ಟಾಳ ನೋಡವಾ."

ಆ ಕೀಲಿ ತರಿಸುವಷ್ಟು ಹೊತ್ತು ಇರಲಿಲ್ಲ. ವಾಕಿಟಾಕಿಯಲ್ಲಿ ವಿಷಯ ಕೇಳಿದ ನದಾಫ್ ಬೇರೆ ಯಾರನ್ನೂ ಕಳಿಸದೆ ತಾವೇ ಹೋದರು. ಮುಖವಾಡ, ಬೆನ್ನಿಗೆ ಗಾಳಿಯ ಸಿಲಿಂಡರ್, ಕೈಯಲ್ಲಿ ಕಿಡಿ ಹಾರದ ಹಿತ್ತಾಳೆಯ ಸುತ್ತಿಗೆ. ಗಟಾರದ ಎಣ್ಣೆಯ ಆವಿ ಗಾಳಿಗಿಂತ ಭಾರ. ಅದು ಕಾಣದ ನೀರಿನಂತೆ ಓಣಿಯ ತಗ್ಗಿಗೆ ಹರಿದು ನಿಂತಿತ್ತು. ಒಂದು ಕಿಡಿ ಸಾಕಿತ್ತು.

ನಿಯಂತ್ರಣ ಕೊಠಡಿಯಲ್ಲಿ ಇಬ್ಬರೂ ಪರದೆ ನೋಡಿದರು. ಹೊರಗಿನಿಂದ ಒಂದು ಭಾರವಾದ ಹೆಜ್ಜೆಯ ಸಾಲು ಬಂತು. ಒಳಗಿನ ಹೆಜ್ಜೆ ನಿಂತಿತು. ಸುತ್ತಿಗೆಯ ಪೆಟ್ಟುಗಳು ಹೂವಿನಂತೆ ಅರಳಿದವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ ಎನಿಸಿತು. ಬಹಳ ಹೊತ್ತಲ್ಲ, ಅವಳಿಗೆ ಹಾಗೆನಿಸಿತು. ನಂತರ ಒಂದೇ ಸಾಲು ಹೆಜ್ಜೆ ಹೊರಬಂತು, ಮೊದಲಿಗಿಂತ ಭಾರವಾಗಿ.

"ಹೊತ್ತುಕೊಂಡು ಬರಾಕತ್ತಾರ," ಎಂದ ಸ್ಯಾಮ್ಯುಯೆಲ್.

ನದಾಫ್ ಓಣಿಯ ತುದಿ ದಾಟಿ ತಮ್ಮ ಹುಡುಗರೊಡನೆ ಹಿಂದೆ ಸರಿದ ಕೆಲ ಹೊತ್ತಿನಲ್ಲೇ ಆವಿಗೆ ಬೆಂಕಿ ಹತ್ತಿತು. ಟ್ಯಾಂಕರುಗಳು ಮರುದಿನ ಬೆಳಗಿನ ತನಕ ಉರಿದವು. ಮೊದಲ ಸಾಲಿನ ಮನೆಗಳು ಗೋಡೆಗಳಾಗಿ ಉಳಿದವು. ಸತ್ತವರು ಯಾರೂ ಇಲ್ಲ. ಆಡು ಒಂದು ಸತ್ತಿತ್ತು.

ಹೊತ್ತು ತಂದ ಮನುಷ್ಯನನ್ನು ಶಾಲೆಯ ಜಗಲಿಯ ಮೇಲೆ ಮಲಗಿಸಿದಾಗ ಪ್ರಭಾವತಿಯೂ ಅಲ್ಲಿಗೆ ಬಂದಿದ್ದಳು. ಗಡ್ಡ ಬಿಟ್ಟ, ಬಿಸಿಲು ಕಾಣದೆ ಬಿಳಿಚಿದ ಮುಖ. ನದಾಫ್ ಮುಖವಾಡ ತೆಗೆದು, ನೀರಿನ ಬಾಟಲಿ ಅವನ ತುಟಿಗೆ ಹಿಡಿದವರು, ಹಾಗೆಯೇ ಹಿಡಿದುಕೊಂಡೇ ದಿಟ್ಟಿಸಿದರು.

"ನೀ ಅಂಬಾಸಾ," ಎಂದರು. "ಸಿದ್ಧನಕೊಪ್ಪದ ಗಾಡಿ ಡ್ರೈವರ್."

ಅವನು ಗೋಣು ಹಾಕಿದ. ಅವನನ್ನು ಕಂಡು ಜಗಲಿಯ ಸುತ್ತ ಇದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತುಳಜಾಬಾಯಿ ಮಾತ್ರ ಮುಂದೆ ಬಂದು ತಮ್ಮನ ಕಾಲ ಬಳಿ ಕುಳಿತಳು. ನದಾಫ್ ಅವನಿಗೆ ನೀರು ಪೂರ್ತಿ ಕುಡಿಸಿದರು. ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದರು. ಆಮೇಲೆ ಎದ್ದು ಹೋಗಿ ಪೊಲೀಸರನ್ನು ಕರೆದರು.

"ಬಾಗಿಲಾ ಬಡದಾಗ ಯಾಕ ಕೂಗಲಿಲ್ಲ?" ಎಂದು ಪ್ರಭಾವತಿ ಕೇಳಿದಳು.

"ಕೂಗಬೇಕು ಅನ್ನೋದು ಗಂಟಲತನಕ ಬಂತ್ರೀ," ಎಂದ ಅಂಬಾಸಾ. "ಸಿಕ್ಕೊಂಡ್ರ ಕಲ್ಲೀಲೆ ಹೊಡೀತಾರ ಅನ್ನಿಸ್ತು. ಆಮ್ಯಾಲ ವಾಸನಿ ಬಂತು. ಆ ವಾಸನಿ ನನಗ ಗೊತ್ತು. ಆವಾಗ ಕೂಗಾಕ ದನೀನ ಬರಲಿಲ್ಲ."

ಗಾಡಿ ನಿಲ್ಲಿಸಬೇಡ ಎಂದು ಮೇಲಿನವರೇ ಹೇಳಿದ್ದರು ಎಂಬ ಮಾತನ್ನು ಅವನು ಪೊಲೀಸರ ಮುಂದೆ ಹೇಳಿದ. ನಂಬಿದವರು ಕೆಲವರು, ನಂಬದವರು ಹೆಚ್ಚು. ಅದು ಕೋರ್ಟಿನಲ್ಲಿದೆ. ಅವನನ್ನು ಅಡಗಿಸಿಟ್ಟದ್ದಕ್ಕೆ ತುಳಜಾಬಾಯಿಯ ಮೇಲೂ ಕೇಸಾಯಿತು; ಹಾಸ್ಟೆಲ್ಲಿನ ವಾರ್ಡನ್ ಜಾಮೀನು ನಿಂತರು.

ನಾಳೆ ಬೇರೆಯವರೂ ತೆರೆಯಿರಿ ಎನ್ನುತ್ತಾರೆ ಎಂದು ಸ್ಯಾಮ್ಯುಯೆಲ್ ಹೇಳಿದ್ದು ತಡವಿಲ್ಲದೆ ನಿಜವಾಯಿತು. ಇನ್‌ಸ್ಪೆಕ್ಟರ್ ನಿಯಂತ್ರಣ ಕೊಠಡಿಗೆ ಬಂದು, ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು.

"ಚಲೋ ಕೆಲಸ ಮಾಡೀರಿ ಮೇಡಂ. ಒಂದು ತಾಸಿನ್ಯಾಗ, ನಾವು ಇಷ್ಟು ವರ್ಷ ಹುಡುಕಿದವನು ಸಿಕ್ಕ. ಇನ್ನ ಅದನ್ನ ಮುಚ್ಚಬ್ಯಾಡ್ರಿ. ಹಳೀ ಗುಂಟ ಎಷ್ಟು ಊರದಾವ, ಎಷ್ಟು ಮಂದಿ ಅಡಗ್ಯಾರ, ಯಾರಿಗ್ಗೊತ್ತು?"

"ಮುಚ್ಚಿ ಆಗೇದ ಸರ್. ಬೆಂಕಿ ಆರಿದ ಮ್ಯಾಲೆ ನಾವಿಬ್ರೂ ಕೂಡೇ ಮುಚ್ಚಿದ್ವಿ. ಆವತ್ತು ಕೇಳಿದ್ದು ಅಳಿಸೀವಿ. ನಿಯಮ ಹಂಗ ಅದ."

"ಮ್ಯಾಲಿಂದ ಆದೇಶ ತಂದ್ರ?"

"ತಂದ್ರ ಬ್ಯಾರೆ ಹೆಬ್ಬೆರಳು ನೋಡಬೇಕಾಗ್ತದ."

ಇನ್‌ಸ್ಪೆಕ್ಟರ್ ನಗಲಿಲ್ಲ. ಕೆಲವೇ ದಿನಗಳಲ್ಲಿ ಅವಳಿಗೆ ಕಾರಣ ಕೇಳಿ ನೋಟಿಸು ಬಂತು. ಮುಚ್ಚಳ ತೆಗೆಯುವ ಅಧಿಕಾರ ಕಿತ್ತುಕೊಂಡರು. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಓಣಿಯ ಹೆಂಗಸರು ನಳದ ಹತ್ತಿರ ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ತಾವು ಬದುಕಿದ್ದು ಗೊತ್ತಿತ್ತು, ಅವಳು ತಮ್ಮ ಮನೆಗಳನ್ನು ಕೇಳಿಸಿಕೊಂಡಿದ್ದೂ ಗೊತ್ತಿತ್ತು. ಒಂದು ಸಂಜೆ ರೊಟ್ಟಿ ಮುರಿಯುತ್ತಾ ಅವಳು ಅತ್ತೆಯನ್ನು ಕೇಳಿದಳು, "ನಾ ಮಾಡಿದ್ದು ತಪ್ಪೇನ್ರಿ?"

"ತಪ್ಪಲ್ಲ," ಎಂದಳು ನೀಲವ್ವ. "ಆದ್ರ ಮಾತು ಮುರದಿ. ಎರಡೂ ಖರೇನ. ಉಣ್ಣು."

ಯುವಕರು ಕೆಲವರು ಸಲಿಕೆ ಹಿಡಿದು ತಂತಿಯನ್ನೇ ಅಗೆದು ಕಡಿಯುತ್ತೇವೆ ಎಂದು ಹೊರಟಾಗ ಓಣಿಯ ಸಭೆ ಸೇರಿತು. ತಂತಿ ಹೋಗುವ ಓಣಿಗಳ ಒಪ್ಪಿಗೆ ಪ್ರತಿ ವರ್ಷ ಕೇಳಬೇಕು ಎಂಬ ಕಾನೂನು ಸಿದ್ಧನಕೊಪ್ಪದ ನಂತರ ಬಂದಿತ್ತು. ಆ ವರ್ಷದ ಸಭೆ ಅದೇ ಆಯಿತು. ಭಾನುವಾರ ಬೆಳಗ್ಗೆ, ಶಾಲೆಯ ಬಯಲಿನಲ್ಲಿ. ತಾಲೂಕಿನ ಹೊಸ ಅಧಿಕಾರಿ ಒಂದು ಕಡೆ, ಯಂತ್ರದ ಪೆಟ್ಟಿಗೆ ಹಿಡಿದ ಸ್ಯಾಮ್ಯುಯೆಲ್ ಇನ್ನೊಂದು ಕಡೆ. ಪ್ರಭಾವತಿ ಜನರ ನಡುವೆ ಚಾಪೆಯ ಮೇಲೆ ಕುಳಿತಳು.

"ಗಾಲಿ ಕೇಳಾಕ ಅಂತ ಹಾಕಿದ್ರಿ. ಮನಿ ಕೇಳಿದ್ರಿ," ಎಂದ ಒಬ್ಬ. "ಇವತ್ತು ಅಂಬಾಸಾ, ನಾಳಿ ನಾವು."

"ತಂತಿ ಕಡದ್ರ ಗಾಲಿ ಮುರಿಯೋದು ಹೆಂಗ ಗೊತ್ತಾಗ್ತೈತಿ?" ಎಂದಳು ಇನ್ನೊಬ್ಬಳು. "ಆವತ್ತು ಕೆಂಪು ದೀಪ ಬರದಿದ್ರ ನಾ ಒಲೀ ಮುಂದ ಇರ್ತಿದ್ದೆ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹಿಂದಿನ ಸಾಲಿನಿಂದ ತುಳಜಾಬಾಯಿ ಎದ್ದು ನಿಂತಳು. ಓಣಿಯ ಯಾರೊಡನೆಯೂ ಅವಳು ಮಾತಾಡದೆ ತಿಂಗಳ ಮೇಲಾಗಿತ್ತು. ಅವಳು ಪ್ರಭಾವತಿಯ ಕಡೆ ಕೈ ತೋರಿಸಿದಳು.

"ಇವರು ಕೇಳದಿದ್ರ ನನ್ನ ತಮ್ಮ ಒಳಗ ಸುಟ್ಟು ಹೋಗ್ತಿದ್ದ," ಎಂದಳು. "ಇವರು ಕೇಳಿದ್ದಕ್ಕ ಜೇಲಿನ್ಯಾಗ ಅದಾನ. ಎಷ್ಟೋ ದಿನ ಇವರ ಮ್ಯಾಲ ಸಿಟ್ಟು ಮಾಡಿಕೊಂಡ ಇದ್ದೆ. ಸಿಟ್ಟು ಈಗೂ ಐತಿ. ಆದ್ರ ಜೇಲಂದ್ರ ವಾರಕ್ಕೊಮ್ಮಿ ಹೋಗಿ ಮಾರಿ ನೋಡ್ತೀನ್ರಿ. ಅವನೂ ಮಾತಾಡ್ತಾನ. ಬೂದಿಗೆ ಏನ್ ಮಾತು ಕೇಳಲಿ? ತಂತಿ ಇರ್ಲಿ. ಮುಚ್ಚಳಾನೂ ಇರ್ಲಿ. ತೆಗಿಯೋ ಕೈ ಮಾತ್ರ ನಮ್ಮೋಣ್ಯಾಗ ಇರ್ಲಿ. ಸರಕಾರದ್ದು ಬ್ಯಾಡ."

ಹೊಸ ಅಧಿಕಾರಿ ಕಾನೂನಿನ ಪುಟ ತಿರುವಿ ನೋಡಿದ. ಓಣಿ ಆರಿಸಿದವರ ಹೆಬ್ಬೆರಳು ಇರಬಾರದು ಎಂದು ಎಲ್ಲಿಯೂ ಇರಲಿಲ್ಲ. ಕೈಗಳು ಎದ್ದವು, ಎಲ್ಲ ಅಲ್ಲ, ಸಾಕಾಗುವಷ್ಟು.

"ಹಂಗಾರ ಯಾರದು?" ಎಂದು ಅವನು ಕೇಳಿದ.

ನೀಲವ್ವ ಕುಳಿತಲ್ಲಿಂದಲೇ ಹೇಳಿದಳು, "ತುಳಜಾಬಾಯೀದು. ಮುಚ್ಚಳ ತೆಗೆದ್ರ ಏನ್ ಉಳೀತೈತಿ, ಏನ್ ಹೋಗ್ತೈತಿ, ಎರಡೂ ಕಂಡಾಕಿ ಆಕಿ ಒಬ್ಬಾಕಿನ."

ಕೇಸಿನಲ್ಲಿರುವವಳು ಎಂದು ಅಧಿಕಾರಿ ಗೊಣಗಿದ. ಓಣಿ ಅವನನ್ನೇ ನೋಡಿತು. ಅವನು ಪೆನ್ನು ತೆಗೆದ.

ಸ್ಯಾಮ್ಯುಯೆಲ್ ಪೆಟ್ಟಿಗೆ ತೆರೆದು ಗಾಜನ್ನು ಒರೆಸಿದ. ತುಳಜಾಬಾಯಿ ಬಲಗೈ ಹೆಬ್ಬೆರಳು ಇಟ್ಟಳು. ಯಂತ್ರ ಒಪ್ಪಲಿಲ್ಲ. ರೊಟ್ಟಿ ಬಡಿದು ಬಡಿದು, ಹಂಚಿನ ಮೇಲೆ ತಿರುವಿ ತಿರುವಿ, ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಮತ್ತೊಮ್ಮೆ ಇಟ್ಟಳು. ಮತ್ತೂ ಇಲ್ಲ. ಯಾರೋ ಹಿಂದೆ ನಕ್ಕರು. ಪ್ರಭಾವತಿ ಎದ್ದು ಬಂದು ಅವಳ ಎಡಗೈ ಹಿಡಿದು ಗಾಜಿನ ಮೇಲೆ ತಂದಳು. ತುಳಜಾಬಾಯಿ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಹಸಿರು ದೀಪ ಹತ್ತಿತು.

"ಆತೇನ್ರಿ?" ಎಂದಳು ತುಳಜಾಬಾಯಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ಹಂಗಾರ ನಾ ಬರ್ತೀನಿ. ಜೇಲಿನ ಕಡೆ ಹೋಗೋ ಬಸ್ಸು ಬರೋ ಹೊತ್ತಾತು."

ಜನ ಕುಳಿತಲ್ಲೇ ಕಾಲು ಮಡಿಚಿ ಅವಳಿಗೆ ದಾರಿ ಬಿಟ್ಟರು.